ಲೈಟ್ ಬಂದ್ ಮಾಡ್ರಿ

2020ರ ಏಪ್ರಿಲ್ 5, ಭಾನುವಾರ. ಕೊರೊನಾ ಲಾಕ್‌ಡೌನ್ ಹೊತ್ತು. ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ಮನೆಯ ಲೈಟ್ ಆರಿಸಿ ದೀಪ ಹಚ್ಚಿ ಅಂತ ಪ್ರಧಾನಿ ಹೇಳಿದ್ದರು, ನೆನಪಿದೆ ಅಲ್ವಾ? ಗದಗ ತಾಲೂಕಿನ ನಮ್ಮೂರಲ್ಲೂ ಓಣಿಯ ಮಂದಿ ಹಣತೆ ಹಿಡಿದು ಕಟ್ಟೆ ಮೇಲೆ ನಿಂತಿದ್ದರು. ನನ್ನ ಮಕ್ಕಳಿಬ್ಬರು ಮೊಬೈಲ್ ಟಾರ್ಚ್ ಹಾಕಿಕೊಂಡು ಅಂಗಳದಲ್ಲಿ ಕುಣಿಯುತ್ತಿದ್ದರು. ಅವ್ವ ಒಳಗೆ ಹೋಗಿ ಪಡಸಾಲೆಯ ಟ್ಯೂಬ್‌ಲೈಟ್ ಆರಿಸಿದಳು. ಹೊರಸಿನ ಮೇಲೆ ಮಲಗಿದ್ದ ಅಪ್ಪ ಆಗ ಎದ್ದು ಕೂತರು.

ಏನು ನಡೀತಿದೆ ಅಂತ ನನಗೆ ಮೊದಲು ತಿಳಿಯಲೇ ಇಲ್ಲ. ಅಪ್ಪ ಎರಡೂ ಕೈ ಮುಂದೆ ಚಾಚಿ ಏನನ್ನೋ ಗಟ್ಟಿಯಾಗಿ ಹಿಡಿದಿದ್ದರು. ಆಗಾಗ ಎಡಗೈ ಕೆಳಗಿಳಿದು ಹೊರಸಿನ ಪಟ್ಟಿಯನ್ನು ಹಿಡಿದು ಹಿಂದಕ್ಕೆ ಎಳೆಯುತ್ತಿತ್ತು. ಅದೇ ಹೊತ್ತಿಗೆ ಎಡಗಾಲು ನೆಲ ಒತ್ತುತ್ತಿತ್ತು. ಗೇರು, ಕ್ಲಚ್ಚು. ಅಪ್ಪ ಗಾಡಿ ಓಡಿಸುತ್ತಿದ್ದರು.

"ಲೈಟ್ ಬಂದ್ ಮಾಡ್ರಿ" ಅಂದರು. ಅಂಗಳದ ಟಾರ್ಚ್ ಕಡೆ ನೋಡಿ ಇನ್ನೂ ಜೋರಾಗಿ, "ಬಂದ್ ಮಾಡ್ರಲೇ! ಮ್ಯಾಲಿಂದ ನೋಡಾಕತ್ತಾರ!"

ಬರೀ ಬನಿಯನ್ನು, ಲುಂಗಿಯಲ್ಲಿದ್ದರು. ಮೈಯೆಲ್ಲ ಬೆವರು. ಏಪ್ರಿಲ್ ಸೆಕೆಗೆ ಎಲ್ಲರೂ ಬೆವರುತ್ತೇವೆ, ಆದರೆ ಆ ಬೆವರು ಬೇರೆ ತರ ಇತ್ತು. ಹೊರಸಿನ ಕೆಳಗೆ ನೆಲ ಒದ್ದೆಯಾಗಿತ್ತು.

ಅಪ್ಪ ಸೇನೆಯಲ್ಲಿ ಡ್ರೈವರ್. ಎಎಸ್‌ಸಿ, ಅಂದರೆ ಆರ್ಮಿ ಸರ್ವಿಸ್ ಕೋರ್. 1978ರಲ್ಲಿ ಭರ್ತಿಯಾಗಿ, 2002ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದರು. ಗಡಿಯಲ್ಲಿರೋ ಪಲ್ಟನ್ನುಗಳಿಗೆ ರೇಷನ್, ಸೀಮೆಎಣ್ಣೆ, ಮದ್ದುಗುಂಡು ಮುಟ್ಟಿಸೋ ಕೆಲಸ. ಶ್ರೀನಗರದಿಂದ ಲೇಹ್ ಕಡೆ ಹೋಗೋ ದಾರಿಯಲ್ಲಿ ಜೋಜಿಲಾ ಅಂತ ಒಂದು ಘಾಟು ಬರುತ್ತದೆ. ಹನ್ನೊಂದೂವರೆ ಸಾವಿರ ಅಡಿ ಎತ್ತರ. ಹಿಮ ಬಿದ್ದರೆ ಗಾಲಿಗೆ ಚೈನು ಕಟ್ಟಿಕೊಂಡು ಹತ್ತಬೇಕು. ಆ ದಾರಿಯನ್ನು ಎಷ್ಟು ಸಲ ಹತ್ತಿ ಇಳಿದರೋ ಅಪ್ಪನೇ ಲೆಕ್ಕ ಇಟ್ಟಿಲ್ಲ. 1999ರಲ್ಲಿ ಕಾರ್ಗಿಲ್ ಯುದ್ಧ ಶುರುವಾದಾಗಲೂ ಅಲ್ಲೇ ಇದ್ದರು. ದ್ರಾಸ್ ಹತ್ತಿರದ ಟೊಲೊಲಿಂಗ್ ಗುಡ್ಡದ ಮೇಲೆ ಕೂತ ವೈರಿಗಳಿಗೆ ಕೆಳಗಿನ ಹೆದ್ದಾರಿ ಕಾಣುತ್ತಿತ್ತು. ಹಗಲು ಹೊರಟರೆ ಶೆಲ್ ಬೀಳುತ್ತಿತ್ತು. ಅದಕ್ಕೇ ಗಾಡಿಗಳು ರಾತ್ರಿ ಹೊರಡುತ್ತಿದ್ದವು, ಹೆಡ್‌ಲೈಟ್ ಹಾಕದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಂದಕ, ಮುಂದೆ ಕತ್ತಲು.

ಇಷ್ಟನ್ನೂ ನಾನು ತಿಳಿದುಕೊಂಡದ್ದು ಅಪ್ಪನ ಗೆಳೆಯರ ಬಾಯಿಂದ. ಅಪ್ಪ ಹೇಳುತ್ತಿದ್ದದ್ದು ಬರೀ ತಮಾಷೆಯ ಕತೆಗಳು. ಬಡಾ ಖಾನಾ ಅಂದರೆ ಪಲ್ಟನ್ನಿನವರೆಲ್ಲ ಕೂಡಿ ಉಣ್ಣೋ ದೊಡ್ಡ ಊಟ, ಅದರಲ್ಲಿ ಯಾರೋ ಕುಣಿದದ್ದು, ಯಾರೋ ಚಳಿಗೆ ಹೆದರಿ ಹದಿನೈದು ದಿನ ಸ್ನಾನ ಮಾಡದೇ ಇದ್ದದ್ದು. ಆ ಕತೆಗಳು ಬರುತ್ತಿದ್ದದ್ದು ಸಂಜೆ ಏಳರ ಮೇಲೆ. ಒಂದು ಪೆಗ್ ಆದ ಮೇಲೆ.

ಏಳು ಗಂಟೆ ನಮ್ಮ ಮನೆಯಲ್ಲಿ ಒಂದು ವ್ರತದ ಹಾಗೆ ನಡೆಯುತ್ತಿತ್ತು. ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಪ್ಪ ಪಡಸಾಲೆಗೆ ಬರುತ್ತಿದ್ದರು. ಕಪ್ಪು ಟ್ರಂಕಿನ ಕೀಲಿ ತೆಗೆಯುತ್ತಿದ್ದರು. ಅದರ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರು, ಹೆಸರು ಇನ್ನೂ ಇದೆ. ಒಳಗೆ ಪದಕ, ಕಾಗದಪತ್ರ, ಒಂದು ಉಣ್ಣೆ ಸ್ವೆಟರು, ಮಿಲಿಟ್ರಿ ಕ್ಯಾಂಟೀನಿನ ರಮ್ ಬಾಟ್ಲಿ. ಅವ್ವ ಒಂದು ತಾಟಿನಲ್ಲಿ ಹುರಿದ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ ತಂದಿಡುತ್ತಿದ್ದಳು. ಸ್ಟೀಲಿನ ಅಳತೆ ಕಪ್ಪಿನಲ್ಲಿ ಅಳೆದು ಎರಡು ಪೆಗ್. ಎಂಟೂವರೆಗೆ ರೊಟ್ಟಿ, ಪಲ್ಯೆ. ಒಂಬತ್ತೂವರೆಗೆ ನಿದ್ದೆ.

ಓಣಿಯಲ್ಲಿ ಕುಡಿಯೋರು ಬೇರೆಯವರೂ ಇದ್ದರು. ಕಿರಾಣಿ ಅಂಗಡಿಯ ಹಿಂದೆ ಪ್ಯಾಕೆಟ್ ಹರಿದು ನಿಂತಲ್ಲೇ ಕುಡಿದು ಗಟಾರದ ಪಕ್ಕ ಬೀಳೋರು. ಅವರಿಗೆ ಊರಲ್ಲಿ ಒಂದು ಹೆಸರು, ಅಪ್ಪನಿಗೆ ಒಂದು ಹೆಸರು. ಅವರು 'ಕುಡೀತಾರೆ'. ಅಪ್ಪ 'ತೊಗೋತಾರೆ'. ನಮ್ಮ ಕಡೆ ಆಡೋ ಈ ಎರಡು ಮಾತಿನ ನಡುವೆ ಎಷ್ಟು ದೂರ ಇದೆ ನೋಡಿ. ಕುಡಿಯೋನು ಕುಡುಕ. ತೊಗೊಳ್ಳೋನು ದೊಡ್ಡ ಮನುಷ್ಯ. "ಮಿಲಿಟ್ರಿ ಮಂದಿ, ಲಿಮಿಟ್ ಗೊತ್ತಿರತೈತಿ" ಅಂತ ಎಲ್ಲರೂ ಅನ್ನುತ್ತಿದ್ದರು. ನಾವೂ ಅದನ್ನೇ ನಂಬಿದ್ದೆವು.

ನಾನು ಸಣ್ಣವಳಿದ್ದಾಗಿನ ಒಂದು ನೆನಪಿದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗುತ್ತಿದ್ದರು. ಕಾಳು, ಕಾಸು ಬೇಡುತ್ತಿರಲಿಲ್ಲ. ನಿಮ್ಮ ದುಶ್ಚಟ ಹಾಕಿ ಅನ್ನುತ್ತಿದ್ದರು. ಮಹಾಂತ ಜೋಳಿಗೆ ಅಂದರೆ ನಮ್ಮ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಅವರು ಹುಟ್ಟಿದ ದಿನ ಆಗಸ್ಟ್ 1ನ್ನು ಸರ್ಕಾರ ಈಗ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಅವರು ನಮ್ಮ ಕಡೆ ಬಂದಾಗ ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಸೊಂಟದ ತಂಬಾಕಿನ ಚೀಲ ತೆಗೆದು ಜೋಳಿಗೆಗೆ ಹಾಕಿದ್ದಳು. ಅಪ್ಪ ಆಗ ರಜೆಗೆ ಬಂದಿದ್ದರು. ನೀನೂ ಏನಾದರೂ ಹಾಕೋ ಅಂದಳಂತೆ ಅಮ್ಮ. "ನಂದು ಚಟ ಅಲ್ಲಬೇ, ಕೋಟಾ" ಅಂದರಂತೆ ಅಪ್ಪ.

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎತ್ತರದ ಚಳಿಯ ಜಾಗದಲ್ಲಿ ಸೈನಿಕರಿಗೆ ರಮ್ ಕೊಡುವ ಪದ್ಧತಿ ಇತ್ತು. ನಿವೃತ್ತಿ ಆದ ಮೇಲೂ ಕ್ಯಾಂಟೀನ್ ಕಾರ್ಡಿನ ಮೇಲೆ ತಿಂಗಳಿಗೆ ಇಂತಿಷ್ಟು ಬಾಟ್ಲಿ, ಹೊರಗಿಗಿಂತ ಕಡಿಮೆ ರೇಟಿಗೆ. ಕುಡಿದರೆ ಮೈ ಬಿಸಿಯಾಗುತ್ತೆ ಅನ್ನೋದು ಮಾತ್ರ ಪೂರ್ತಿ ನಿಜ ಅಲ್ಲ. ಕುಡಿದಾಗ ಚರ್ಮದ ಕೆಳಗಿನ ರಕ್ತನಾಳಗಳು ಹಿಗ್ಗುತ್ತವೆ, ಹೀಗಾಗಿ ಬೆಚ್ಚಗೆ ಅನಿಸುತ್ತದೆ. ಒಳಗಿನ ಕಾವು ಮಾತ್ರ ಹೊರಗೆ ಸೋರಿ ಹೋಗುತ್ತಿರುತ್ತದೆ. ಇದನ್ನು ಅಪ್ಪನಿಗೆ ಹೇಳಿದಾಗ ಸುಮ್ನೆ ತಲೆ ಆಡಿಸಿದರು. ಆ ಚಳಿಯಲ್ಲಿ ಇದ್ದವರು ಅವರು, ನಾನಲ್ಲ.

ನಿವೃತ್ತಿಯ ಮೇಲೆ ಹುಬ್ಬಳ್ಳಿಯ ಒಂದು ಗೋದಾಮಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಿದರು. ಅರವತ್ತಾದ ಮೇಲೆ, 2019ರಲ್ಲಿ ಅದನ್ನೂ ಬಿಟ್ಟು ಊರಿಗೆ ಬಂದರು. ಅಲ್ಲಿಂದ ಸಂಜೆ ಏಳು ಆರಾಯಿತು. ಆರು ನಾಲ್ಕಾಯಿತು. ಅಳತೆ ಕಪ್ಪು ಟ್ರಂಕಿನ ಮೂಲೆ ಸೇರಿತು, ಕಣ್ಣಂದಾಜಿನಲ್ಲಿ ಸುರಿದುಕೊಳ್ಳತೊಡಗಿದರು. 750 ಎಂಎಲ್ ಬಾಟ್ಲಿಯಲ್ಲಿ 30 ಎಂಎಲ್‌ನ ಸಣ್ಣ ಪೆಗ್ ಇಪ್ಪತ್ತೈದು ಬರುತ್ತವೆ. ಅಪ್ಪನಿಗೆ ಒಂದು ಬಾಟ್ಲಿ ಎರಡು ದಿನಕ್ಕೆ ಸಾಕಾಗುತ್ತಿರಲಿಲ್ಲ. ಕಾರ್ಡಿನ ಕೋಟಾ ಮುಗಿದರೆ ಗೆಳೆಯರ ಕಾರ್ಡು. ಇದೆಲ್ಲ ನನಗೆ ಲೆಕ್ಕಕ್ಕೆ ಸಿಕ್ಕಿದ್ದು ಆಮೇಲೆ. ಆಗ ನಾನು ಹಬ್ಬಕ್ಕೋ ಜಾತ್ರೆಗೋ ಬಂದು ಎರಡು ದಿನ ಇದ್ದು ಹೋಗೋ ಮಗಳು. ಅಪ್ಪ ಸ್ವಲ್ಪ ಸೊರಗಿದಾರೆ ಅನಿಸಿತ್ತು. ವಯಸ್ಸಾಯ್ತು ಅಂದುಕೊಂಡೆ.

ಮಾರ್ಚ್ 21, ಶನಿವಾರ ಮಕ್ಕಳನ್ನು ಕರೆದುಕೊಂಡು ಯುಗಾದಿಗೆ ಊರಿಗೆ ಬಂದೆ. ಮರುದಿನ ಜನತಾ ಕರ್ಫ್ಯೂ. ಬುಧವಾರ ಯುಗಾದಿ, ಅದೇ ದಿನದಿಂದ ದೇಶವೇ ಬಂದ್. ಹುಬ್ಬಳ್ಳಿಗೆ ವಾಪಸ್ ಹೋಗೋಕೆ ಬಸ್ಸಿಲ್ಲ. ಅವ್ವ ಮಾಡಿದ ಬೇವು ಕುಡಿದು, ಹೋಳಿಗೆ ಉಂಡು, ಆಗಿದ್ದಾಗಲಿ ಅಂತ ಉಳಿದೆವು.

ಬಾರು, ವೈನ್‌ಶಾಪು ಎಲ್ಲ ಬಾಗಿಲು ಹಾಕಿದ್ದವು. ಕ್ಯಾಂಟೀನಿಗೆ ಹೋಗೋ ದಾರಿಯೂ ಇಲ್ಲ. ಅಪ್ಪನ ಹತ್ತಿರ ಆಗ ಮೂರು ಬಾಟ್ಲಿ ಇದ್ದವು. ಮಿಲಿಟ್ರಿ ಲೆಕ್ಕದಲ್ಲಿ ರೇಷನ್ ಮಾಡಿದರು. ಲೇಬಲ್ ಮೇಲೆ ಬಾಲ್‌ಪೆನ್ನಿನಿಂದ ಗೆರೆ ಎಳೆದು, ದಿನಕ್ಕೆ ಇಷ್ಟೇ ಅಂತ. ಗೆರೆಗಳು ಮೊದಮೊದಲು ಸಮ ಇದ್ದವು. ಆಮೇಲೆ ಒಂದಕ್ಕೊಂದು ದೂರ ಆದವು. ಏಪ್ರಿಲ್ 2, ಗುರುವಾರ ರಾತ್ರಿ ಕೊನೆಯ ಬಾಟ್ಲಿ ಮುಗಿಯಿತು.

ಊರಲ್ಲಿ ಕದ್ದು ಮಾರೋರು ಇದ್ದರು. ನೂರು ರೂಪಾಯಿಯ ಕ್ವಾರ್ಟರ್‌ಗೆ ಐದು ನೂರು ಕೇಳುತ್ತಿದ್ದರು. ಕಳ್ಳಭಟ್ಟಿಯೂ ಸಿಗುತ್ತಿತ್ತು. ಅಪ್ಪ ಮುಟ್ಟಲಿಲ್ಲ. "ಕಳ್ಳಮಾಲ ನಾ ಕುಡಿಯೂದಿಲ್ಲ. ಬಿಟ್ಟ ಬಿಡ್ತೀನಿ" ಅಂದರು.

ನಮಗೆ ಎಷ್ಟು ಖುಷಿ ಆಯ್ತು ಅಂತ ಬರೆಯೋಕೆ ಈಗ ಸಂಕಟ ಆಗುತ್ತದೆ. "ಕೊರೊನಾ ಬಂದು ನಮ್ಮನಿಗೆ ಚಲೋನ ಆತು ನೋಡು" ಅಂದಳು ಅವ್ವ. ನಾನು ಹುಬ್ಬಳ್ಳಿಯಲ್ಲಿದ್ದ ಗಂಡನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಬಿಟ್ಟರು, ಒಂದೇ ಮಾತಿಗೆ ಬಿಟ್ಟರು, ಮಿಲಿಟ್ರಿ ಮನುಷ್ಯ ಅಂದ್ರೆ ಹಿಂಗಿರಬೇಕು ಅಂತ.

ಶುಕ್ರವಾರ ಬೆಳಿಗ್ಗೆ ಅಪ್ಪ ಎಂದಿನಂತೆ ಐದೂವರೆಗೆ ಎದ್ದರು. ಕಿಟಕಿಯ ಸರಳಿಗೆ ಸಣ್ಣ ಕನ್ನಡಿ ಸಿಕ್ಕಿಸಿ ದಾಡಿ ಮಾಡಿಕೊಳ್ಳೋದು ರೂಢಿ. ನಾನು ಬಚ್ಚಲ ಒಲೆಗೆ ಕಟ್ಟಿಗೆ ಹಾಕುತ್ತಿದ್ದೆ. ಮಗ್ಗಿನ ಅಂಚಿಗೆ ಬ್ರಶ್ಶು ಟಕಟಕ ಬಡಿಯೋ ಸದ್ದು ಕೇಳಿ ತಿರುಗಿ ನೋಡಿದೆ. ಬಡಿಯುತ್ತಿದ್ದದ್ದು ಅವರಲ್ಲ, ಅವರ ಕೈ. ಬಲಗೈಯನ್ನು ಎಡಗೈಯಿಂದ ಹಿಡಿದು ನಿಲ್ಲಿಸಿಕೊಂಡರು. ಆಗ ಎರಡೂ ನಡುಗತೊಡಗಿದವು. ಹಾಗೇ ರೇಜರ್ ಎತ್ತಿ ಗದ್ದಕ್ಕೆ ಇಟ್ಟುಕೊಂಡರು. ನೊರೆಯೊಳಗೆ ಕೆಂಪು ಗೆರೆ ಮೂಡಿತು. ನನ್ನನ್ನು ನೋಡಿ, "ಬ್ಲೇಡ್ ಹಳೇದಾಗೇತಿ" ಅಂದರು. ಅರ್ಧ ಗಲ್ಲ ಬೋಳಿಸಿ, ಇನ್ನರ್ಧ ಹಾಗೇ ಬಿಟ್ಟು ನೊರೆ ಒರೆಸಿಕೊಂಡು ಒಳಗೆ ಹೋದರು. ಅವರನ್ನು ಅರ್ಧ ದಾಡಿಯಲ್ಲಿ ನಾನು ಎಂದೂ ನೋಡಿರಲಿಲ್ಲ.

ಶನಿವಾರ ಊಟ ಸೇರಲಿಲ್ಲ. ರಾತ್ರಿಯಿಡೀ ನಿದ್ದೆ ಇಲ್ಲ. ಗೋಡೆಯ ಮೇಲೆ ಇರುವೆ ಹರೀತಾವ ಅಂದರು. ಸುಣ್ಣ ಬಳಿದ ಗೋಡೆ ಖಾಲಿ ಇತ್ತು. ಎರಡು ದಿನ ತಡಕೊಂಡರೆ ಎಲ್ಲ ಸರಿಹೋಗುತ್ತೆ ಅಂತ ಅವ್ವ ಮಜ್ಜಿಗೆ, ಗಂಜಿ ಕುಡಿಸಿದಳು. ಭಾನುವಾರ ರಾತ್ರಿ ಟ್ಯೂಬ್‌ಲೈಟ್ ಆರಿತು.

ಪಕ್ಕದ ಮನೆಯ ಹುಡುಗನ ಹತ್ತಿರ ಒಂದು ಟಾಟಾ ಏಸ್ ಇತ್ತು. ತರಕಾರಿ ಸಾಗಿಸೋ ಪಾಸು ಇದ್ದದ್ದು ಅವನ ಗಾಡಿಗೆ ಮಾತ್ರ. ಉಳ್ಳಾಗಡ್ಡಿ ಚೀಲಗಳ ಮೇಲೆ ಕೌದಿ ಹಾಸಿ ಅಪ್ಪನನ್ನು ಮಲಗಿಸಿದೆವು. ಗದಗ ಮುಟ್ಟುವವರೆಗೂ ಅವರ ಕಾಲು ಬ್ರೇಕ್ ಒತ್ತುತ್ತಲೇ ಇತ್ತು. ನಾಕಾಬಂದಿಯಲ್ಲಿ ಪೊಲೀಸರು ತಡೆದರು. "ಮಾಜಿ ಸೈನಿಕರು ಸರ್, ಆರಾಮಿಲ್ಲ" ಅಂದೆ. ಸೆಲ್ಯೂಟ್ ಮಾಡಿ ಬಿಟ್ಟರು.

ಆಸ್ಪತ್ರೆಯಲ್ಲೂ ಅಷ್ಟೇ ಹೇಳಿದೆ. ಜ್ವರ, ಬೆವರು, ಏನೇನೋ ಮಾತಾಡ್ತಾರೆ ಅಂತ. ಕುಡಿತ ಅನ್ನೋ ಮಾತು ಆ ಹೊತ್ತಲ್ಲೂ ನನ್ನ ಬಾಯಿಂದ ಬರಲಿಲ್ಲ. ಅದು ಯಾವ ಕಾಲ ಅಂತ ನಿಮಗೆ ಗೊತ್ತು. ಜ್ವರ ಅಂದ ಕೂಡಲೇ ನಮ್ಮನ್ನು ದೂರ ಕೂರಿಸಿದರು. ಒಂದು ಗಂಟೆ ಹೋಯಿತು. ಆಮೇಲೆ ವಯಸ್ಸಾದ ನರ್ಸ್ ಒಬ್ಬರು ಹತ್ತಿರ ಬಂದು ಅಪ್ಪನ ಕೈ ನೋಡಿದರು. ನನ್ನನ್ನು ಬದಿಗೆ ಕರೆದು, "ಕುಡೀತಿದ್ರೇನವಾ? ಬಿಟ್ಟು ಎಷ್ಟ ದಿನ ಆತು?" ಅಂತ ಕೇಳಿದರು.

"ಮೂರು ದಿನ" ಅಂದೆ. ಐದೇ ನಿಮಿಷದಲ್ಲಿ ಡಾಕ್ಟರು ಬಂದರು.

ಈ ಬರಹ ಬರೆಯೋಕೆ ಕೂತದ್ದೇ ಇದಕ್ಕೆ. ದಿನಾ ಜಾಸ್ತಿ ಕುಡಿಯೋರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು ಅಂತ ನನಗೆ ನಲವತ್ತು ವರ್ಷ ಗೊತ್ತಿರಲಿಲ್ಲ. ಡಿಗ್ರಿ ಓದಿದೀನಿ, ಹುಬ್ಬಳ್ಳಿಯಂಥ ಊರಲ್ಲಿದೀನಿ, ಆದರೂ ಗೊತ್ತಿರಲಿಲ್ಲ. ಅಪ್ಪ ಡ್ರೈವರ್ ಅಂತ ತಿಳಿದ ಡಾಕ್ಟರು ಗಾಡಿಯ ಲೆಕ್ಕದಲ್ಲೇ ಹೇಳಿದರು. ಕುಡಿತ ಮಿದುಳಿಗೆ ಬ್ರೇಕ್ ಹಾಕುತ್ತೆ. ವರ್ಷಗಟ್ಟಲೆ ಬ್ರೇಕ್ ಒತ್ತಿ ಹಿಡಿದರೆ, ಗಾಡಿ ನಿಲ್ಲಬಾರದು ಅಂತ ಮಿದುಳು ತಾನೇ ಆಕ್ಸಿಲರೇಟರ್ ಒತ್ತೋದು ಕಲಿಯುತ್ತೆ. ಒಂದು ದಿನ ಬ್ರೇಕಿನ ಮೇಲಿಂದ ಕಾಲು ಪಟ್ಟನೆ ತೆಗೆದರೆ ಏನಾಗುತ್ತೆ? ಮೊದಲ ದಿನ ನಡುಕ, ಬೆವರು, ವಾಂತಿ. ಎರಡು ದಿನದ ಒಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದ ನಡುವೆ ಕೆಲವರಿಗೆ ಭ್ರಮೆ ಹಿಡಿಯುತ್ತೆ, ಎಲ್ಲಿದೀನಿ, ಯಾವ ದಿನ ಅನ್ನೋದು ಮರೆಯುತ್ತೆ. ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಅನ್ನುತ್ತಾರೆ. ಆ ಭ್ರಮೆಯಲ್ಲಿ ಎಷ್ಟೋ ಜನ ತಮ್ಮ ಕಸುಬನ್ನೇ ಮಾಡತೊಡಗುತ್ತಾರಂತೆ. ಟೇಲರ್ ಇದ್ದವನು ಇಲ್ಲದ ಸೂಜಿಗೆ ದಾರ ಪೋಣಿಸುತ್ತಾನೆ. ನಮ್ಮಪ್ಪ ದ್ರಾಸಿನ ದಾರಿಯಲ್ಲಿ ಗಾಡಿ ಓಡಿಸಿದರು.

"ಊರಾಗ ಗ್ಲೂಕೋಸ್ ಏನರ ಹಚ್ಚಿಸೀರೇನು?" ಅಂತಲೂ ಕೇಳಿದರು. ಕುಡಿತದಿಂದ ಸೊರಗಿದ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಮಿನ್, ತೀರ ಕಡಿಮೆ ಇರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ಸುಸ್ತು ಅಂದರೆ ಸಾಕು ಒಂದು ಗ್ಲೂಕೋಸ್ ಸಲೈನ್ ಹಚ್ಚೋದು ನಮ್ಮ ಹಳ್ಳಿಗಳ ರೂಢಿ. ಅವತ್ತು ಹಚ್ಚಿಸದೇ ಇದ್ದದ್ದು ನಮ್ಮ ಪುಣ್ಯ.

ಥಯಮಿನ್ ಇಂಜೆಕ್ಷನ್ ಕೊಟ್ಟರು. ಲೊರಾಜೆಪಾಮ್ ಕೊಟ್ಟು ಮಿದುಳನ್ನು ತಣ್ಣಗೆ ಮಾಡಿದರು, ದಿನದಿಂದ ದಿನಕ್ಕೆ ಅದನ್ನು ಇಳಿಸುತ್ತ ಬಂದರು. ಅಪ್ಪ ಮಾತ್ರ ಲೈಟ್ ಬಂದ್ ಮಾಡ್ರಿ ಅನ್ನೋದು ಬಿಡಲಿಲ್ಲ. ನನಗೆ ಕರುಳು ಚುರ್ ಅಂದು ಸ್ವಿಚ್ಚಿಗೆ ಕೈ ಹಾಕಿದೆ. ಡಾಕ್ಟರು ತಡೆದರು. ಕತ್ತಲಲ್ಲಿ ಭ್ರಮೆ ಜಾಸ್ತಿ ಆಗುತ್ತೆ, ಲೈಟ್ ಇರಲಿ, ಗುರುತಿನವರು ಒಬ್ಬರು ಪಕ್ಕದಲ್ಲಿ ಕೂತು ಇದು ಯಾವ ಊರು, ಯಾವ ವಾರ ಅಂತ ಹೇಳುತ್ತಾ ಇರಿ ಅಂದರು. ನಾಲ್ಕು ರಾತ್ರಿ ನಾನು ಅದನ್ನೇ ಹೇಳಿದೆ. ಯಪ್ಪಾ, ಇದು ಗದಗ. ಇದು ದವಾಖಾನಿ. ಯುದ್ಧ ಮುಗದೈತಿ. ನಾನು ನಿನ್ನ ಮಗಳು.

ಐದನೇ ದಿನ ಬೆಳಿಗ್ಗೆ ಕಣ್ಣು ಬಿಟ್ಟು, "ನೀ ಯಾವಾಗ ಬಂದಿಯವ್ವಾ?" ಅಂದರು.

ಆ ತಿಂಗಳಲ್ಲಿ ನಮ್ಮಂಥ ಮನೆಗಳು ಎಷ್ಟಿದ್ದವೋ. ಕುಡಿಯೋಕೆ ಸಿಗದೆ ಜೀವ ಕಳಕೊಂಡವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇತ್ತು. ಕೇರಳ ಸರ್ಕಾರ ಮಾರ್ಚ್ 30ರಂದು, ಡಾಕ್ಟರ ಚೀಟಿ ಇದ್ದವರಿಗೆ ಮದ್ಯ ಕೊಡುತ್ತೇವೆ ಅಂತ ಆದೇಶ ಹೊರಡಿಸಿತು. ಮದ್ಯವನ್ನು ಔಷಧಿಯ ಹಾಗೆ ಬರೆಯೋದು ನಮ್ಮ ಕೆಲಸ ಅಲ್ಲ ಅಂತ ಡಾಕ್ಟರುಗಳು ವಿರೋಧಿಸಿದರು. ಏಪ್ರಿಲ್ 2ರಂದು ಅಲ್ಲಿನ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮ ಮನೆಯ ಕೊನೆಯ ಬಾಟ್ಲಿ ಮುಗಿದದ್ದೂ ಅದೇ ದಿನ. ಡಾಕ್ಟರುಗಳು ಹೇಳಿದ್ದು ಸರಿ ಅಂತಲೇ ನನಗೂ ಅನಿಸುತ್ತದೆ, ಚಿಕಿತ್ಸೆ ಇರುವಾಗ ಬಾಟ್ಲಿ ಯಾಕೆ ಬೇಕು. ಆದರೆ ಆ ಚಿಕಿತ್ಸೆ ಇದೆ ಅಂತ ಹಳ್ಳಿಯ ಪಡಸಾಲೆಯಲ್ಲಿ ಕೂತ ನನ್ನವ್ವನಿಗೆ ಯಾರು ಹೇಳಬೇಕಿತ್ತು? ಅಂಗಡಿ ಬಂದ್ ಮಾಡಿದ ದಿನವೇ ಅದನ್ನೂ ಡಂಗುರ ಸಾರಬೇಕಿತ್ತು. ಕೈ ನಡುಗಿದರೆ ಆಸ್ಪತ್ರೆಗೆ ಬನ್ನಿ, ಮುಚ್ಚಿಡಬೇಡಿ ಅಂತ.

ಇಂಗ್ಲೆಂಡಿನಂಥ ಕಡೆ ಉಲ್ಟಾ ಆಯಿತು. ಅಲ್ಲಿ ಮಾರ್ಚ್ 25ಕ್ಕೇ ಮದ್ಯದ ಅಂಗಡಿಗಳನ್ನು ಅಗತ್ಯ ಅಂಗಡಿಗಳ ಪಟ್ಟಿಗೆ ಸೇರಿಸಿದರು. ಸಿಗದೇ ಕಂಗೆಟ್ಟವರು ಇಲ್ಲಿ. ಮನೆಯಲ್ಲೇ ಒಬ್ಬರೇ ಕೂತು ಕುಡಿಯೋ ಗಂಡಾಂತರ ಅಲ್ಲಿ. ನಮ್ಮಲ್ಲೂ ಆ ಗಂಡಾಂತರ ಮೇ 4ರಿಂದ ಶುರುವಾಯಿತು. ಅವತ್ತು ಕರ್ನಾಟಕದಲ್ಲಿ ಮದ್ಯದಂಗಡಿ ತೆರೆದವು. ಮೊದಲ ದಿನ 45 ಕೋಟಿ, ಎರಡನೇ ದಿನ 197 ಕೋಟಿ ರೂಪಾಯಿ ವ್ಯಾಪಾರ. ಬೆಳಿಗ್ಗೆ ಐದಕ್ಕೇ ಬಂದು ಚಪ್ಪಲಿ, ಚೀಲ ಇಟ್ಟು ಪಾಳಿ ಹಿಡಿದವರ ಫೋಟೊ ನೋಡಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಪಾಳಿಯಲ್ಲಿ ನಿಂತವರ ಕೈಗಳನ್ನೇ ನೋಡುತ್ತಿದ್ದೆ.

ಅಪ್ಪನ ಹಳೆಯ ಗೆಳೆಯರೊಬ್ಬರು ಹುಬ್ಬಳ್ಳಿ ನವನಗರದಲ್ಲಿದ್ದಾರೆ. ಸುಬೇದಾರ್ ಆಗಿ ನಿವೃತ್ತರಾದವರು, ನಮಗೆಲ್ಲ ಸುಬೇದಾರ್ ಕಾಕಾ. ಕಾಕು ತೀರಿಹೋಗಿ ಆರೇಳು ವರ್ಷ ಆಗಿತ್ತು. ಮಕ್ಕಳು ಒಬ್ಬ ಪುಣೆ, ಒಬ್ಬ ಬೆಂಗಳೂರು. ಲಾಕ್‌ಡೌನ್ ಸಡಿಲ ಆದ ಕೂಡಲೇ ಪಾಪ, ಅಪ್ಪನನ್ನು ನೋಡೋಕೆ ಅಂತ ಬೈಕ್ ಹತ್ತಿ ಊರಿಗೆ ಬಂದರು. ಬರಿಗೈಲಿ ಬರಬಾರದು ಅಂತ ಒಂದು ಬಾಟ್ಲಿ ತಂದರು. ರಮ್ ಕುಡಿದರೆ ಕೊರೊನಾ ಬರೋದಿಲ್ಲ ಅನ್ನೋ ಮಾತು ಆಗ ವಾಟ್ಸ್ಯಾಪಿನಲ್ಲಿ ಓಡಾಡುತ್ತಿತ್ತು. ಕುಡಿತ ಕೊರೊನಾ ತಡೆಯೋದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಏಪ್ರಿಲ್‌ನಲ್ಲೇ ಹೇಳಿತ್ತು. ಆದರೆ ವಾಟ್ಸ್ಯಾಪಿನ ಮಾತು ಬೇಗ ಮುಟ್ಟುತ್ತದೆ. ಅಪ್ಪ ಅವತ್ತು ಕುಡಿದರು. ಜುಲೈ ಹೊತ್ತಿಗೆ ಮೊದಲಿನಷ್ಟೇ ಆಯಿತು.

ನಂಟರು ಒಬ್ಬೊಬ್ಬರು ಒಂದೊಂದು ಹೇಳಿದರು. ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸೋ ಪುಡಿ ಒಂದಿದೆ, ಕುಡಿದರೆ ವಾಂತಿ ಆಗುತ್ತೆ ಅಂದರು. ಅವ್ವ ದುಡ್ಡೂ ತೆಗೆದಿಟ್ಟಿದ್ದಳು. ನಾನು ಜಗಳ ಆಡಿ ನಿಲ್ಲಿಸಿದೆ. ಅಂಥ ಪುಡಿಯಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಡೈಸಲ್ಫಿರಾಮ್ ಅನ್ನೋ ಮಾತ್ರೆ ಒಂದಿದೆ. ಅದನ್ನು ತೆಗೆದುಕೊಳ್ಳುವಾಗ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಡಾಕ್ಟರು ಅದನ್ನು ಕೊಡೋದು ರೋಗಿಗೆ ತಿಳಿಸಿ, ಒಪ್ಪಿಸಿ. ಕದ್ದು ಹಾಕೋದು ಅಂದರೆ ವಿಷ ಹಾಕಿದ ಹಾಗೇ. ಇಷ್ಟು ಹೇಳೋಕೆ ನನಗೆ ಯಾವ ಸಂಕೋಚವೂ ಇಲ್ಲ.

ಕೊನೆಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗೋಣ ಅಂದೆ. ಅವ್ವ ಮುಖ ಸಣ್ಣ ಮಾಡಿಕೊಂಡಳು. ನಮ್ಮ ಕಡೆ 'ಅವನ್ನ ಧಾರವಾಡಕ್ಕ ಕಳಸ್ರಿ' ಅಂದರೆ ಅರ್ಥ ಬೇರೆ. ಹುಚ್ಚರ ದವಾಖಾನಿ ಅಂತಲೇ ಹಳಬರು ಕರೆಯೋದು. ಆರ್ಮಿ ಟ್ರಕ್ಕು ಓಡಿಸಿದ ಘಾಟಿಗಿಂತ ಆ ಗೇಟು ದಾಟೋದು ಅಪ್ಪನಿಗೆ ಕಷ್ಟ ಆಯಿತು. ದಾಟಿದರು.

ಅಲ್ಲಿ ಹತ್ತು ಪ್ರಶ್ನೆಗಳ ಒಂದು ಹಾಳೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಮಾಡಿದ್ದು, ಆಡಿಟ್ ಅನ್ನುತ್ತಾರೆ. ಒಟ್ಟು 40 ಅಂಕ. 8 ಮುಟ್ಟಿದರೆ ಎಚ್ಚರ, 20 ಮುಟ್ಟಿದರೆ ಕುಡಿತಕ್ಕೆ ಸಿಕ್ಕಿಬಿದ್ದಿರೋ ಸಾಧ್ಯತೆ ಜಾಸ್ತಿ. ವಾರಕ್ಕೆ ಎಷ್ಟು ದಿನ, ಒಂದು ದಿನಕ್ಕೆ ಎಷ್ಟು, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತಾ, ಹಿಂದಿನ ರಾತ್ರಿ ಆದದ್ದು ಮರೆತು ಹೋಗುತ್ತಾ. ಅಪ್ಪ ಅಟೆನ್ಶನ್‌ನಲ್ಲಿ ಕೂತು ಒಂದೊಂದಕ್ಕೂ ಉತ್ತರ ಕೊಟ್ಟರು. ಕೊನೆಯ ಪ್ರಶ್ನೆ ಇದು. ನಿಮ್ಮ ಕುಡಿತದ ಬಗ್ಗೆ ಮನೆಯವರಾಗಲಿ, ಗೆಳೆಯರಾಗಲಿ, ಡಾಕ್ಟರಾಗಲಿ ಯಾರಾದರೂ ಕಾಳಜಿಯಿಂದ ಕೇಳಿದ್ದಾರಾ, ಕಡಿಮೆ ಮಾಡಿ ಅಂದಿದ್ದಾರಾ?

ಅಪ್ಪ ಯೋಚನೆ ಮಾಡಿದರು. "ಆಸ್ಪತ್ರಿ ಸೇರೂತನಾ ಯಾರೂ ಅಂದಿಲ್ರಿ" ಅಂದರು.

ನಾನು ಪಕ್ಕದ ಕುರ್ಚಿಯಲ್ಲಿದ್ದೆ. ನಲವತ್ತು ವರ್ಷ. ಅಜ್ಜಿ ಜೋಳಿಗೆಯ ಹತ್ತಿರ ಒಂದು ಸಲ ಕೇಳಿದ್ದು ಬಿಟ್ಟರೆ ಯಾರೂ ಕೇಳಿರಲಿಲ್ಲ. ಗಟಾರದ ಪಕ್ಕ ಬಿದ್ದವನಿಗೆ ಬೈಯೋಕಾದರೂ ಊರು ಇತ್ತು. ಅಪ್ಪನಿಗೆ ನಾವು ಗೌರವ ಕೊಟ್ಟೆವು, ಶೇಂಗಾ ಕೊಟ್ಟೆವು, ಸುಮ್ಮನಿದ್ದೆವು.

ನಿದ್ದೆಯ ಬಗ್ಗೆಯೂ ಕೇಳಿದರು. ಕಾರ್ಗಿಲ್ ಆದ ಮೇಲೆ ಕುಡಿಯದೇ ಮಲಗಿದ ರಾತ್ರಿ ನೆನಪಿಲ್ಲ ಅಂದರು ಅಪ್ಪ. ಅದನ್ನು ಅವ್ವ ಕೇಳಿದ್ದೂ ಅವತ್ತೇ ಮೊದಲು.

ಎರಡನೇ ಸಲ ನಿಲ್ಲಿಸಿದ್ದು ಡಾಕ್ಟರ ಕಣ್ಣಳತೆಯಲ್ಲಿ, ಮಾತ್ರೆ ಇಳಿಸುತ್ತಾ, ಕೌನ್ಸೆಲಿಂಗ್ ಜೊತೆ. ಆಮೇಲೂ ಒಂದು ಸಲ, ಮದುವೆ ಮನೆಯಲ್ಲಿ ಜಾರಿದರು. ಮರುದಿನ ತಾವೇ ಫೋನ್ ಮಾಡಿ ಡಾಕ್ಟರಿಗೆ ಹೇಳಿದರು. ಈಗ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಅದು ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಅಪ್ಪನ ಪಾಲಿಗೆ ಎಲ್ಲಕ್ಕಿಂತ ಕಷ್ಟ ಅಂದರೆ ಸಂಜೆ ಏಳು ಗಂಟೆ. ಆ ಹೊತ್ತಿಗೆ ಕೈಗೆ ಏನಾದರೂ ಬೇಕು. ಮೊದಮೊದಲು ಮಕ್ಕಳ ಸೈಕಲ್ ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು. ಆಮೇಲೆ ಸುಬೇದಾರ್ ಕಾಕಾಗೆ ಫೋನ್ ಮಾಡೋದು ರೂಢಿ ಆಯಿತು. ದಿನಾ ಏಳಕ್ಕೆ. ಕಾಕಾ ಇನ್ನೂ ಬಿಟ್ಟಿರಲಿಲ್ಲ. ಬಿಡು ಅಂತ ಅಪ್ಪ ಹೇಳುತ್ತಲೂ ಇರಲಿಲ್ಲ. ಊಟ ಆತೇನು, ಮಳಿ ಹೆಂಗೈತಿ, ಮಗ ಫೋನ್ ಮಾಡಿದ್ನೇನು, ಇಷ್ಟೇ.

2021ರಲ್ಲಿ ಎರಡನೇ ಅಲೆ ಇಳಿದ ಮೇಲೆ ಒಂದು ಸಂಜೆ ಕಾಕಾ ಫೋನ್ ಎತ್ತಲಿಲ್ಲ. ಎಂಟಕ್ಕೂ ಇಲ್ಲ, ಒಂಬತ್ತಕ್ಕೂ ಇಲ್ಲ. ಮರುದಿನ ಅಪ್ಪ ನಸುಕಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದರು. ಬಾಗಿಲು ಬಡಿದರೆ ಉತ್ತರವಿಲ್ಲ. ಪಕ್ಕದ ಮನೆಯವರನ್ನು ಕರೆದು ಹಿತ್ತಲ ಬಾಗಿಲು ತೆಗೆಸಿದರು. ಕಾಕಾ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಎಚ್ಚರ ಇತ್ತು. ಎರಡು ದಿನದಿಂದ ಏನೂ ತಿಂದಿರಲಿಲ್ಲ. ಅಪ್ಪ ಅವರನ್ನು ಎಬ್ಬಿಸಿ, ಮೈ ಒರೆಸಿ, ಉಪ್ಪಿಟ್ಟು ಮಾಡಿ ತಿನ್ನಿಸಿದರು.

ಸಂಜೆ ನನಗೆ ಫೋನ್ ಮಾಡಿ ಇವತ್ತು ಇಲ್ಲೇ ಇರುತ್ತೇನೆ ಅಂದರು. ನನಗೆ ಭಯ, ಸಿಟ್ಟು ಎರಡೂ ಒಟ್ಟಿಗೇ ಬಂದವು. ಆ ಮನೆಯಲ್ಲಿ ಬಾಟ್ಲಿ ಇದೆ, ನೀನು ಅಲ್ಲಿ ಇರಬೇಡ, ನಮ್ಮ ಮನೆಗೆ ಬಾ ಅಂತ ಜೋರು ಮಾಡಿದೆ.

"ಬಾಟ್ಲಿ ಐತವ್ವಾ, ನೋಡೇನಿ" ಅಂದರು. "ಚೆಲ್ಲಿಲ್ಲ. ಒಮ್ಮೆಲೇ ಬಿಡಸಬಾರದು ಅಂತ ಡಾಕ್ಟರ್ ಹೇಳ್ಯಾರಲ್ಲ. ಅವನ ಮಗಗ ಫೋನ್ ಮಾಡೇನಿ. ನಾಳೆ ಮುಂಜಾನೆ ಧಾರವಾಡಕ್ಕ ನಾನ ಕರಕೊಂಡು ಹೊಕ್ಕೀನಿ. ಇವತ್ತ ರಾತ್ರಿ ಇಬ್ಬರೂ ಲೈಟ್ ಹಚಗೊಂಡ ಮಲಗತೀವಿ."